ಮಾಳಿಗೆ ಹತ್ತುವ ಮೊದಲು



ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟ ನಮ್ಮ ಕಡೆಯವರಿಗೆ ಹೊಸದಲ್ಲ. ರಾವಣನ ಜೊತೆ ಹೋರಾಡಿ, ರೆಕ್ಕೆ ಕಳೆದುಕೊಂಡ ಜಟಾಯು ಬಿದ್ದದ್ದು ಇಲ್ಲೇ ಎಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಆ ಬೆಟ್ಟಕ್ಕೆ ಹೋಗಿ ಬಂದವರು ಒಂದು ವಿಷಯ ಗಮನಿಸಿರುತ್ತೀರಿ. ಬಂಡೆಯ ಅಂಚಿಗೆ ಒಂದು ಮಗು ಹೋದರೆ ಸಾಕು, ಯಾರ ಮಗುವಾದರೂ ಸರಿ, ನಾಲ್ಕು ಜನ ಹೆಂಗಸರು ಒಟ್ಟಿಗೆ "ಏ, ಹಿಂದಕ್ಕೆ ಬಾ!" ಎಂದು ಕೂಗುತ್ತೇವೆ. ಓಡಿ ಹೋಗಿ ಕೈ ಹಿಡಿದು ಎಳೆದುಕೊಳ್ಳುತ್ತೇವೆ.

ಅದೇ ನಾವು ಮಾರನೆಯ ದಿನ ತಲೆ ಮೇಲೆ ಬಾಂಡ್ಲಿ ಹೊತ್ತು, ಸುತ್ತ ಒಂದು ಗೋಡೆಯೂ ಇಲ್ಲದ ತಾರಸಿಯ ಅಂಚಿನಲ್ಲಿ ಓಡಾಡುತ್ತೇವೆ. ಆಗ ಯಾರೂ ಕೂಗುವುದಿಲ್ಲ. "ಕೆಲಸ ಅಲ್ವಾ" ಎಂದು ಎಲ್ಲರೂ ಸುಮ್ಮನಿರುತ್ತಾರೆ. ನಾವೂ ಸುಮ್ಮನಿರುತ್ತೇವೆ.

ಈ ಸಲ ಆ ಮೌನದ ಬಗ್ಗೆಯೇ ಮಾತಾಡೋಣ. ಕಟ್ಟಡ ಕೆಲಸದಲ್ಲಿ, ಅದರಲ್ಲೂ ಮಾಳಿಗೆ, ತಾರಸಿ, ಶೀಟಿನ ಮೇಲೆ ಕೆಲಸ ಮಾಡುವಾಗ ಬೀಳದ ಹಾಗೆ ನೋಡಿಕೊಳ್ಳುವುದು ಹೇಗೆ?

"ಇದು ಗಂಡಸರ ವಿಷಯ, ನಮಗ್ಯಾಕೆ?" ಎಂದು ಕೇಳಬಹುದು. ಒಂದು ಸಲ ಯೋಚಿಸಿ. ಚಳ್ಳಕೆರೆ, ಮೊಳಕಾಲ್ಮುರು ಮಳೆ ಕಮ್ಮಿ ಇರುವ ಸೀಮೆ. ಶೇಂಗಾ ಕೈಕೊಟ್ಟ ವರ್ಷ ಗಾರೆ ಕೆಲಸಕ್ಕೆ ಹೋಗುವವರಲ್ಲಿ ನಮ್ಮ ಸದಸ್ಯೆಯರೂ ಇದ್ದಾರೆ. ಗಂಡ, ಮಗ, ತಮ್ಮ ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವ ಮನೆಗಳೂ ಇವೆ. ಇನ್ನು ಬಸವ ವಸತಿ, ಪ್ರಧಾನಮಂತ್ರಿ ಆವಾಸ್ ಎಂದು ಮನೆ ಮಂಜೂರಾದಾಗ ಸಾಲದೆ ಬಂದ ಹಣಕ್ಕೆ ಸಂಘದಲ್ಲಿ ಸಾಲ ಎತ್ತಿ ತಾರಸಿ ಹಾಕಿಸುವವರೂ ನಾವೇ. ಅಂದರೆ ನಾವು ಕೂಲಿಯವರೂ ಹೌದು, ಕೂಲಿಯವರ ಮನೆಯವರೂ ಹೌದು, ಕೆಲಸ ಕೊಡುವ ಯಜಮಾನತಿಯರೂ ಹೌದು.

ಬೀಳೋದು ಹಣೆಬರಹವೇ?

ಯಾರಾದರೂ ಬಿದ್ದರೆ ಊರಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, "ಅವನ ಹಣೆಬರಹ". ಇನ್ನೊಂದು, "ನೋಡ್ಕೊಂಡು ಕೆಲಸ ಮಾಡ್ಬೇಕಿತ್ತು". ಎರಡೂ ಪೂರ್ತಿ ಸರಿಯಲ್ಲ.

ತಾರಸಿಗೆ ಕಾಂಕ್ರೀಟ್ ಹಾಕುವ ಒಂದು ದಿನವನ್ನು ನೆನಪಿಗೆ ತಂದುಕೊಳ್ಳಿ. ಬೆಳಿಗ್ಗೆ ಆರಕ್ಕೇ ಎಲ್ಲರೂ ಸೇರುತ್ತಾರೆ. ಮಿಕ್ಸರ್ ಮಿಷಿನ್ ಬಾಡಿಗೆ ಓಡುತ್ತಿರುತ್ತದೆ, ಅದಕ್ಕೇ ಅವಸರ. ಏಣಿಯನ್ನು ಯಾರೋ ಗೋಡೆಗೆ ಒರಗಿಸಿರುತ್ತಾರೆ, ಕಟ್ಟಿರುವುದಿಲ್ಲ. ಮೆಟ್ಟಿಲಿಗೆಂದು ಬಿಟ್ಟ ದೊಡ್ಡ ಕಂಡಿಯ ಮೇಲೆ ಸಿಮೆಂಟ್ ಚೀಲ ಹಾಸಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ಕಣ್ಣು ಕತ್ತಲೆ ಬರುತ್ತದೆ. ಮೇಲೆ ಒಬ್ಬಾತ ಕಾಂಕ್ರೀಟ್ ಮಟ್ಟ ಮಾಡುತ್ತಾ, ಪಟ್ಟಿ ಎಳೆಯುತ್ತಾ ಹಿಂದೆ ಹಿಂದೆ ಸರಿಯುತ್ತಿರುತ್ತಾನೆ. ಅವನ ಕಣ್ಣು ಕೆಲಸದ ಮೇಲಿರುತ್ತದೆ, ಬೆನ್ನು ಅಂಚಿನ ಕಡೆಗಿರುತ್ತದೆ.

ಈಗ ಹೇಳಿ. ಆತ ಬಿದ್ದರೆ ಬಿದ್ದದ್ದು ಆ ಮಧ್ಯಾಹ್ನವೇ? ಅಲ್ಲ. ಅಂಚಿಗೆ ತಡೆ ಕಟ್ಟದೆ ಬಿಟ್ಟ ಹಿಂದಿನ ದಿನವೇ ಆ ಬೀಳು ತಯಾರಾಗಿತ್ತು. ಕಟ್ಟದ ಏಣಿ, ಮುಚ್ಚದ ಕಂಡಿ, ತಡೆಯಿಲ್ಲದ ಅಂಚು, ಮೆತ್ತಗಿನ ಶೀಟು ಇವು ಯಾವುವೂ ದೇವರು ಬರೆದ ಬರಹವಲ್ಲ. ನಾವು ಮಾಡದೆ ಬಿಟ್ಟ ಕೆಲಸಗಳು.

ಇನ್ನು "ನೋಡ್ಕೊಂಡು ಮಾಡ್ಬೇಕು" ಎನ್ನುವ ಮಾತು. ಮನುಷ್ಯನಿಗೆ ಮರೆವು, ಆಯಾಸ, ಅವಸರ ಇದ್ದೇ ಇರುತ್ತದೆ. ದಿನಕ್ಕೆ ನೂರು ಸಲ ಅಂಚಿಗೆ ಹೋಗಿ ಬರುವವರು ತೊಂಬತ್ತೊಂಬತ್ತು ಸಲ ನೋಡಿಕೊಂಡೇ ಹೋಗುತ್ತಾರೆ. ನೂರನೆಯ ಸಲ ಕಾಲು ಜಾರಿದಾಗ ಹಿಡಿದು ನಿಲ್ಲಿಸಲು ಅಲ್ಲೊಂದು ಬೊಂಬು ಇರಬೇಕು. ಇಷ್ಟೇ ವಿಷಯ.

"ಹತ್ತೇ ಅಡಿ, ಏನಾಗತ್ತೆ?"

ಒಂದಂತಸ್ತಿನ ಮನೆ ಅಂದರೆ ಹತ್ತು ಅಡಿ. ಅಷ್ಟು ಎತ್ತರದಿಂದ ಬಿದ್ದವರು ನೆಲ ಮುಟ್ಟಲು ಒಂದು ಸೆಕೆಂಡೂ ಬೇಡ. "ಅಯ್ಯೋ" ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಓಡುತ್ತಿರುವ ಮೊಪೆಡ್‌ನಿಂದ ನೇರ ಕಲ್ಲಿನ ಮೇಲೆ ಎಸೆದ ಹಾಗೆ. ಎರಡಂತಸ್ತು, ಅಂದರೆ ಇಪ್ಪತ್ತು ಅಡಿ ಆದರೆ ವೇಗ 39 ಕಿಲೋಮೀಟರ್ ದಾಟುತ್ತದೆ. ಕೆಳಗೆ ಜಲ್ಲಿ, ಕಂಬಿ, ಇಟ್ಟಿಗೆ ಚೂರು ಬಿದ್ದಿರುತ್ತವೆ ಎನ್ನುವುದನ್ನೂ ಮರೆಯಬೇಡಿ. ತಲೆ, ಕತ್ತು, ಬೆನ್ನುಮೂಳೆ ಇವುಗಳಿಗೆ ಪೆಟ್ಟಾದರೆ ಬದುಕಿ ಉಳಿದವರೂ ಹಾಸಿಗೆ ಹಿಡಿಯಬಹುದು. ಆಮೇಲೆ ಆ ಹಾಸಿಗೆಯ ಪಕ್ಕ ವರ್ಷಗಟ್ಟಲೆ ಕೂರುವವರು ಯಾರು ಎನ್ನುವುದು ಹೆಂಗಸರಾದ ನಮಗೆ ಚೆನ್ನಾಗಿ ಗೊತ್ತು.

ಇದು ಬರೀ ನಮ್ಮ ಊರಿನ ಕಷ್ಟವಲ್ಲ. ಎಲ್ಲಾ ಸೌಕರ್ಯ ಇರುವ ಅಮೆರಿಕದಲ್ಲೂ ಕಟ್ಟಡ ಕೆಲಸದಲ್ಲಿ ಸಾಯುವ ಸುಮಾರು ಮೂವರಲ್ಲಿ ಒಬ್ಬರು ಮೇಲಿಂದ ಬಿದ್ದು ಸಾಯುತ್ತಾರೆ. ಅಲ್ಲಿ ಕಟ್ಟಡ ಕೆಲಸದ ಜಾಗ ಆರು ಅಡಿ ಎತ್ತರ ಇದ್ದರೂ ತಡೆ, ಬಲೆ ಅಥವಾ ಬೆಲ್ಟು ಬೇಕು ಎಂದು ನಿಯಮವಿದೆ. ನಾವು ಹತ್ತು ಅಡಿಯನ್ನು "ಹತ್ತೇ ಅಡಿ" ಅನ್ನುತ್ತೇವೆ.

ಎಲ್ಲೆಲ್ಲಿ ಬೀಳುತ್ತಾರೆ, ಏನು ಮಾಡಬೇಕು?

1. ಅಂಚು

ಸೆಂಟ್ರಿಂಗ್ ಮುಗಿದು ಕಂಬಿ ಕಟ್ಟುವ ಮೊದಲೇ ಸುತ್ತಲೂ ತಡೆ ಕಟ್ಟಬೇಕು. ಇದಕ್ಕೆ ಹೊಸ ಸಾಮಾನು ಬೇಡ. ಸೆಂಟ್ರಿಂಗ್‌ಗೆ ತಂದ ಬೊಂಬು, ನೀಲಗಿರಿ ಗಳಗಳೇ ಸಾಕು. ಅಂಚಿನ ಕಂಬಗಳನ್ನು ಮೂರೂವರೆ ಅಡಿ ಮೇಲಕ್ಕೆ ಬಿಟ್ಟು, ಸೊಂಟದ ಮಟ್ಟಕ್ಕೆ ಒಂದು ಅಡ್ಡ ಬೊಂಬು, ಮೊಣಕಾಲ ಮಟ್ಟಕ್ಕೆ ಇನ್ನೊಂದು ಬಿಗಿಯಾಗಿ ಕಟ್ಟಿ. ಬುಡದಲ್ಲಿ ಅರ್ಧ ಅಡಿ ಎತ್ತರದ ಹಲಗೆ ನಿಲ್ಲಿಸಿದರೆ ಮೇಲಿನ ಇಟ್ಟಿಗೆ, ಸುತ್ತಿಗೆ ಕೆಳಗಿನವರ ತಲೆ ಮೇಲೆ ಬೀಳುವುದಿಲ್ಲ. ಕಟ್ಟಿದ ಮೇಲೆ ಒಬ್ಬರು ಒಳಗಡೆ ನಿಂತು ಜೋರಾಗಿ ಅಲ್ಲಾಡಿಸಿ ನೋಡಬೇಕು. ಅಲ್ಲಾಡಿದರೆ ಅದು ತಡೆಯಲ್ಲ. ಬರೀ ಹಗ್ಗ ಅಥವಾ ಬಣ್ಣದ ಟೇಪು ಎಳೆದರೆ ಅದೂ ತಡೆಯಲ್ಲ.

ಲಿಫ್ಟ್ ಮಿಷಿನ್ನಿನಲ್ಲಿ ಸಾಮಾನು ಮೇಲೆ ಬರುವ ಜಾಗ ತುಂಬ ಅಪಾಯದ್ದು. ಅಲ್ಲಿ ನಿಂತವರು ಬಗ್ಗಿ, ಕೈ ಚಾಚಿ ಬಾಂಡ್ಲಿ ಎಳೆದುಕೊಳ್ಳುತ್ತಾರೆ. ಅಲ್ಲಿ ಹೊಸಬರನ್ನು, ಚಿಕ್ಕ ಹುಡುಗರನ್ನು ನಿಲ್ಲಿಸಬೇಡಿ. ನಿಲ್ಲುವವರಿಗೆ ಬೆಲ್ಟು ಬೇಕೇ ಬೇಕು.

2. ಕಂಡಿ, ಗವಾಕ್ಷಿ

ನಮ್ಮ ಹಳೆ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿಗೆ ಗವಾಕ್ಷಿ ಇರುತ್ತದೆ. ಹೊಸ ತಾರಸಿಯಲ್ಲಿ ಮೆಟ್ಟಿಲಿನ ಕಂಡಿ, ಪೈಪಿನ ಕಂಡಿ ಇರುತ್ತವೆ. ಮೇಲೆ ಚೀಲ, ತಟ್ಟು, ತಗಡು ಮುಚ್ಚಿಟ್ಟರೆ ಅದು ಆನೆ ಹಿಡಿಯುವ ಗುಂಡಿ ಇದ್ದ ಹಾಗೆ. ತೆರೆದ ಕಂಡಿ ಕಣ್ಣಿಗಾದರೂ ಕಾಣುತ್ತದೆ, ಚೀಲ ಮುಚ್ಚಿದ್ದು ಕಾಣುವುದೇ ಇಲ್ಲ. ದಪ್ಪ ಹಲಗೆ ಮುಚ್ಚಿ, ಜರುಗದಂತೆ ಮೊಳೆ ಹೊಡೆದು, ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಅಡ್ಡ ಗೀಟು ಹಾಕಿ. ಹಳೆ ಮಾಳಿಗೆ ರಿಪೇರಿಗೆ ಹತ್ತುವ ಮೊದಲು ಒಳಗಡೆಯಿಂದ ಜಂತಿ, ತೊಲೆ ನೋಡಿ. ಗೆದ್ದಲು ಹಿಡಿದಿದ್ದರೆ, ಮಳೆ ನೀರು ಇಳಿದ ಕಲೆ ಇದ್ದರೆ ಮೇಲೆ ಕಾಲಿಡಬೇಡಿ. ಕೆಳಗಿನಿಂದ ಕಂಬ ಕೊಟ್ಟ ಮೇಲೇ ಕೆಲಸ.

3. ಸಿಮೆಂಟ್ ಶೀಟು

ಶೀಟು ಮಳೆ ಬಿಸಿಲಿಗೆ ಆಸರೆ, ಮನುಷ್ಯರ ಭಾರಕ್ಕಲ್ಲ. ಹಳತಾದಷ್ಟೂ ಪೆಡಸಾಗುತ್ತದೆ. "ಬೋಲ್ಟ್ ಇರೋ ಜಾಗದಲ್ಲಿ ಕಾಲಿಟ್ರೆ ಏನಾಗಲ್ಲ" ಎಂದು ಹೇಳುವವರನ್ನು ನಂಬಬೇಡಿ. ಕಾಲು ಒಂದು ಗೇಣು ಆಚೆ ಈಚೆ ಆದರೆ ಮುಗಿಯಿತು. ಶೀಟಿನ ಮೇಲೆ ಎರಡು ಉದ್ದ ಹಲಗೆಗಳನ್ನು ಕೆಳಗಿನ ಅಡ್ಡಪಟ್ಟಿಗಳ ಮೇಲೆ ಭಾರ ಬೀಳುವಂತೆ ಹಾಕಿ. ಒಂದರ ಮೇಲೆ ನಿಂತು ಇನ್ನೊಂದನ್ನು ಮುಂದಕ್ಕೆ ಸರಿಸಿಕೊಳ್ಳಿ. ಆದಷ್ಟೂ ಕೆಳಗಿನಿಂದಲೇ, ಏಣಿ ಅಥವಾ ಸಾರವೆ ಮೇಲೆ ನಿಂತು ಶೀಟು ಬದಲಿಸುವುದು ಒಳ್ಳೆಯದು. ಗಾಳಿ ಬೀಸುವಾಗ ಹೊಸ ಶೀಟು ಎತ್ತಲೇಬೇಡಿ. ಗಾಳಿ ಅದನ್ನು ಹಿಡಿದರೆ ಮನುಷ್ಯರನ್ನೂ ಎಳೆದುಕೊಂಡು ಹೋಗುತ್ತದೆ.

4. ಏಣಿ

ಏಣಿಗೆ ಮೂರು ನಿಯಮ. ಒಂದು, ಓರೆ ಸರಿ ಇರಬೇಕು. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಬುಡ ದೂರ, ಅಂದರೆ ಹನ್ನೆರಡು ಅಡಿಗೆ ಮೂರು ಅಡಿ. ಅಳೆಯಲು ಟೇಪು ಬೇಡ. ಏಣಿಯ ಬುಡಕ್ಕೆ ಕಾಲ ಬೆರಳು ತಾಗಿಸಿ ನೆಟ್ಟಗೆ ನಿಂತು ಕೈ ಮುಂದೆ ಚಾಚಿ. ಅಂಗೈ ಏಣಿಯ ಮೆಟ್ಟಿಲಿಗೆ ತಾಗಿದರೆ ಓರೆ ಸರಿ ಇದೆ. ಎರಡು, ಏಣಿ ತಾರಸಿಗಿಂತ ಮೂರು ಅಡಿ ಮೇಲೆ ಹೋಗಿರಬೇಕು. ಇಲ್ಲವಾದರೆ ಹತ್ತಿದವರಿಗೆ ಕೊನೆಯಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಮೂರು, ಮೇಲ್ತುದಿಯನ್ನು ಕಟ್ಟಬೇಕು. ಕಟ್ಟುವ ತನಕ ಕೆಳಗೆ ಒಬ್ಬರು ಹಿಡಿದಿರಬೇಕು.

ಏಣಿ ಹತ್ತುವಾಗ ಎರಡೂ ಕೈ ಖಾಲಿ ಇರಬೇಕು. ತಲೆಯ ಸಿಂಬಿ ಮೇಲೆ ಬಾಂಡ್ಲಿ ಇಟ್ಟುಕೊಂಡು, ಒಂದು ಕೈ ಬಾಂಡ್ಲಿಗೆ, ಒಂದು ಕೈ ಏಣಿಗೆ ಎಂದು ಹತ್ತುವುದು ನಮಗೆ ರೂಢಿಯಾಗಿದೆ. ಆ ರೂಢಿ ಬಿಡಬೇಕು. ಸಾಮಾನು ಹಗ್ಗದಲ್ಲಿ ಎಳೆದುಕೊಳ್ಳಲಿ. ತಲೆ ಮೇಲೆ ಹೊತ್ತು ಹೋಗಲೇಬೇಕಾದರೆ ಏಣಿ ಬೇಡ. ಅಗಲವಾದ ಹಲಗೆಯ ಇಳಿಜಾರು ಮಾಡಿ, ಕಾಲು ಜಾರದಂತೆ ಅಡ್ಡಪಟ್ಟಿ ಹೊಡೆದು, ಪಕ್ಕಕ್ಕೆ ಹಿಡಿಯಲು ಬೊಂಬು ಕಟ್ಟಿಸಿ.

5. ಸಾರವೆ

ಒಂದೇ ಹಲಗೆಯ ಮೇಲೆ ನಿಂತು ಪ್ಲಾಸ್ಟರಿಂಗ್ ಮಾಡುವುದನ್ನು ದಿನಾ ನೋಡುತ್ತೇವೆ. ಒಂದು ಹಲಗೆ ಕಾಲಿಗೆ ಸಾಲಬಹುದು, ಜೀವಕ್ಕೆ ಸಾಲದು. ಮೂರು ಹಲಗೆ ಜೋಡಿಸಿ ಕಟ್ಟಬೇಕು. ಹಲಗೆಯ ತುದಿ ಆಧಾರದಿಂದ ತುಂಬ ಹೊರಗೆ ಚಾಚಿಕೊಂಡಿದ್ದರೆ, ಆ ತುದಿ ತುಳಿದ ಕೂಡಲೇ ಏತದ ಹಾಗೆ ಎದ್ದು ಬಿಡುತ್ತದೆ. ಡ್ರಮ್ಮು, ಇಟ್ಟಿಗೆ ರಾಶಿ, ಕುರ್ಚಿ ಮೇಲೆ ಹಲಗೆ ಇಟ್ಟರೆ ಅದು ಸಾರವೆಯಲ್ಲ. ಮಳೆ ಬಂದ ಮಾರನೆಯ ದಿನ ಹಗ್ಗದ ಕಟ್ಟು, ಬುಡದ ಮಣ್ಣು ಮತ್ತೊಮ್ಮೆ ನೋಡಿಯೇ ಹತ್ತಬೇಕು.

6. ಸೆಂಟ್ರಿಂಗ್ ಬಿಚ್ಚುವಾಗ

ಬಾಡಿಗೆ ಉಳಿಸಲು ಬೇಗ ಬಿಚ್ಚುವ ಅವಸರ ಎಲ್ಲರಿಗೂ. ಕಟ್ಟಡ ಕೆಲಸದ ಭಾರತೀಯ ಮಾನಕದ ಪ್ರಕಾರ, ಸಾಮಾನ್ಯ ಸಿಮೆಂಟಿನಲ್ಲಿ ಹಾಕಿದ ತಾರಸಿಯ ಕೆಳಗಿನ ಕಂಬಗಳನ್ನು, ಗೋಡೆಯಿಂದ ಗೋಡೆಗೆ ನಾಲ್ಕೂವರೆ ಮೀಟರ್ ಒಳಗಿದ್ದರೆ ಕಮ್ಮಿ ಅಂದರೂ 7 ದಿನ, ಅದಕ್ಕಿಂತ ಅಗಲ ಇದ್ದರೆ 14 ದಿನ ತೆಗೆಯಬಾರದು. ಈಗ ಹೆಚ್ಚಾಗಿ ಬಳಸುವ ಬೂದಿ ಬೆರೆತ ಸಿಮೆಂಟಿಗೆ ಇನ್ನೂ ಹೆಚ್ಚು ದಿನ ಬೇಕು. ಬಿಚ್ಚುವವರು ಮೇಲೆ ನಿಂತಿರುವ ಶೀಟನ್ನೇ ಬಿಚ್ಚುತ್ತಾ ಹೋಗಬಾರದು. ಬಿಚ್ಚುವ ಜಾಗದ ಕೆಳಗೆ ಬೇರೆ ಯಾರೂ ಇರಬಾರದು.

7. ಕರೆಂಟ್ ತಂತಿ

ತಾರಸಿಯ ಪಕ್ಕದಲ್ಲೇ ತಂತಿ ಹಾದುಹೋಗುವ ಮನೆಗಳು ಎಷ್ಟೋ. ಉದ್ದ ಕಂಬಿ, ತಗಡು, ಏಣಿ ತಂತಿಗೆ ತಾಗಿದರೆ ಶಾಕ್ ಒಂದು, ಆ ಹೊಡೆತಕ್ಕೆ ಕೆಳಗೆ ಬೀಳುವುದು ಇನ್ನೊಂದು. ಕೆಲಸ ಶುರು ಮಾಡುವ ಮೊದಲೇ ಬೆಸ್ಕಾಂಗೆ ಹೇಳಿ ಲೈನ್ ತೆಗೆಸಿ. ಸಹಾಯವಾಣಿ ಸಂಖ್ಯೆ 1912.

ಬೆಲ್ಟು, ಹೆಲ್ಮೆಟ್ ಎಷ್ಟು ಕಾಪಾಡುತ್ತೆ?

ಹೆಲ್ಮೆಟ್ ಬೇಕು, ಗಲ್ಲದ ಪಟ್ಟಿ ಹಾಕಿಕೊಂಡಿದ್ದರೆ ಮಾತ್ರ. ಆದರೆ ಹೆಲ್ಮೆಟ್ ಯಾರನ್ನೂ ಬೀಳದಂತೆ ತಡೆಯುವುದಿಲ್ಲ. ಬೆಲ್ಟಿನ ವಿಷಯದಲ್ಲಿ ತಿಳಿಯಬೇಕಾದ್ದು ಮೂರು.

ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಅಥವಾ ಹಗ್ಗ ಬೇಡ. ಬಿದ್ದಾಗ ಅದೇ ಹೊಟ್ಟೆ, ಬೆನ್ನು ಮುರಿಯುತ್ತದೆ. ಭುಜ, ಎದೆ, ತೊಡೆ ಎಲ್ಲಾ ಸೇರಿಸಿ ಹಿಡಿಯುವ ಪೂರ್ತಿ ಮೈಯ ಬೆಲ್ಟೇ ಆಗಬೇಕು.

ಅದರ ಕೊಂಡಿಯನ್ನು ಕಟ್ಟುವ ಜಾಗ ಗಟ್ಟಿ ಇರಬೇಕು. ಸೆಂಟ್ರಿಂಗ್ ಕಂಬ, ನೀರಿನ ಪೈಪು, ಹಸಿ ಇಟ್ಟಿಗೆ ಗೋಡೆ ಇವಕ್ಕೆ ಕಟ್ಟಿದರೆ ಅವೂ ನಮ್ಮ ಜೊತೆಗೇ ಕೆಳಗೆ ಬರುತ್ತವೆ.

ಹಗ್ಗದ ಉದ್ದ ಸರಿಯಿರಬೇಕು. ಹತ್ತು ಅಡಿ ಮನೆಗೆ ಆರು ಅಡಿ ಉದ್ದದ ಹಗ್ಗ ಬಿಟ್ಟರೆ, ಹಗ್ಗ ಬಿಗಿಯಾಗುವಷ್ಟರಲ್ಲಿ ಕಾಲು ನೆಲಕ್ಕೆ ಬಡಿದಿರುತ್ತದೆ. ಒಂದಂತಸ್ತಿನ ಮನೆಯಲ್ಲಿ ಮೇಕೆಯನ್ನು ಗೂಟಕ್ಕೆ ಕಟ್ಟುವ ಲೆಕ್ಕ ಇಟ್ಟುಕೊಳ್ಳಿ. ಪಕ್ಕದವರ ಪೈರಿಗೆ ಬಾಯಿ ಹಾಕದಷ್ಟೇ ಉದ್ದ ಹಗ್ಗ ಬಿಡುತ್ತೇವಲ್ಲ, ಹಾಗೆಯೇ ಅಂಚಿಗೆ ಹೋಗಲಾಗದಷ್ಟೇ ಉದ್ದ ಇರಲಿ. ಬಿದ್ದ ಮೇಲೆ ಹಿಡಿಯುವುದಕ್ಕಿಂತ ಅಂಚಿಗೇ ಹೋಗದಂತೆ ಹಿಡಿಯುವುದು ಮೇಲು.

ಎಲ್ಲಕ್ಕಿಂತ ಮೊದಲು ತಡೆ, ಆಮೇಲೆ ಬೆಲ್ಟು. ತಡೆ ಒಂದು ಸಲ ಕಟ್ಟಿದರೆ ಮೇಲೆ ಬಂದ ಎಲ್ಲರನ್ನೂ ಕಾಯುತ್ತದೆ. ಬೆಲ್ಟು ಹಾಕಿಕೊಂಡು, ಕೊಂಡಿ ಸಿಕ್ಕಿಸಿದವರನ್ನು ಮಾತ್ರ ಕಾಯುತ್ತದೆ.

ನಮ್ಮ ಮೈ, ನಮ್ಮ ಬಟ್ಟೆ

ನೆರಿಗೆ ಎತ್ತಿ ಸಿಕ್ಕಿಸಿ, ಸೆರಗು ಸೊಂಟಕ್ಕೆ ಬಿಗಿದು, ಮೇಲೊಂದು ತುಂಬುತೋಳಿನ ಶರಟು ಹಾಕಿಕೊಳ್ಳಿ. ಸೀರೆ ಕಂಬಿಗೆ ಸಿಕ್ಕಿಕೊಂಡರೆ ಮುಂದಕ್ಕೆ ಮುಗ್ಗರಿಸುತ್ತೇವೆ. ಹವಾಯಿ ಚಪ್ಪಲಿ ಒದ್ದೆ ಹಲಗೆಯ ಮೇಲೆ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಹಿಂದೆ ಪಟ್ಟಿ ಇರುವ, ಅಡಿಯಲ್ಲಿ ಗೆರೆ ಇರುವ ಪಾದರಕ್ಷೆ ಬೇಕು. ಬೆಳಿಗ್ಗೆ ಬರೀ ಟೀ ಕುಡಿದು ಕೆಲಸಕ್ಕೆ ಹೋಗಬೇಡಿ. ಮೂರು ಮುದ್ದೆ ಕೆಲಸಕ್ಕೆ ಒಂದು ಲೋಟ ಟೀ ಸಾಲುವುದಿಲ್ಲ. ಬಿಸಿಲಲ್ಲಿ ಆಗಾಗ ನೀರು, ಮಜ್ಜಿಗೆ ಕುಡಿಯಿರಿ. ತಲೆ ಸುತ್ತಿದರೆ ನಾಚಿಕೆ ಬಿಟ್ಟು ಹೇಳಿ, ಕೆಳಗಿಳಿಯಿರಿ. ಬಸುರಿಯರು, ಮೂರ್ಛೆ ರೋಗ ಇರುವವರು ಎತ್ತರದ ಕೆಲಸ ಮಾಡಬಾರದು. ಕುಡಿದು ಬಂದವರನ್ನು, ಅವರು ಯಾರೇ ಇರಲಿ, ಮೇಲೆ ಹತ್ತಲು ಬಿಡಬಾರದು.

ಮೇಸ್ತ್ರಿ ಹೋದ ಮೇಲೆ

ಕಾಂಕ್ರೀಟ್ ಹಾಕಿ ಎಲ್ಲರೂ ಊಟ ಮಾಡಿಕೊಂಡು ಹೋದ ಮೇಲೆ ಅಪಾಯ ಮುಗಿಯಿತು ಎಂದುಕೊಳ್ಳುತ್ತೇವೆ. ಅಲ್ಲಿಂದ ಕಮ್ಮಿ ಅಂದರೂ ಹತ್ತು ದಿನ ಬೆಳಿಗ್ಗೆ ಸಂಜೆ ತಾರಸಿ ಹತ್ತಿ ನೀರು ಹೊಡೆಯುವವರು ಯಾರು? ಮನೆಯಾಕೆ. ತಾರಸಿ ಒದ್ದೆ, ಸಂಜೆಗತ್ತಲು, ಕೈಯಲ್ಲಿ ಪೈಪು, ಹಿಂದೆ ಹಿಂದೆ ಹೆಜ್ಜೆ, ಜೊತೆಗೆ ಸೆರಗು ಹಿಡಿದು ಹತ್ತಿದ ಮಗು. ಆದ್ದರಿಂದ ಕೆಲಸಕ್ಕೆ ಕಟ್ಟಿದ ಅಡ್ಡ ಬೊಂಬನ್ನು ಕಾಂಕ್ರೀಟಿನ ಮಾರನೆಯ ದಿನವೇ ಬಿಚ್ಚಿ ಕಳಿಸಬೇಡಿ.

ಇನ್ನೂ ಒಂದು. ದುಡ್ಡು ಮುಗಿಯಿತು ಎಂದು ಮೊದಲು ಕೈಬಿಡುವುದೇ ತಾರಸಿಯ ಸುತ್ತಣ ಪ್ಯಾರಾಪೆಟ್ ಗೋಡೆಯನ್ನು. "ಮುಂದಿನ ವರ್ಷ ಕಟ್ಟಿಸಿದ್ರಾಯ್ತು" ಎನ್ನುತ್ತೇವೆ. ಅದೇ ತಾರಸಿ ಮೇಲೆ ಶೇಂಗಾ ಒಣಗಿಸುತ್ತೇವೆ, ಸಂಡಿಗೆ ಹಾಕುತ್ತೇವೆ, ಬೇಸಿಗೆಯಲ್ಲಿ ಮಕ್ಕಳನ್ನು ಮಲಗಿಸುತ್ತೇವೆ.

ಈ ವಿಷಯ ಬೈಬಲಿನಲ್ಲೂ ಬಂದಿದೆ ಎಂದರೆ ಆಶ್ಚರ್ಯವಾಗಬಹುದು. ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ, ಹೊಸ ಮನೆ ಕಟ್ಟುವವರು ಮಾಳಿಗೆಯ ಸುತ್ತ ಗೋಡೆ ಕಟ್ಟಿಸಬೇಕು, ಕಟ್ಟಿಸದೆ ಯಾರಾದರೂ ಬಿದ್ದು ಸತ್ತರೆ ಅದರ ದೋಷ ಆ ಮನೆಗೆ ಎಂಬ ಅರ್ಥದ ನಿಯಮವಿದೆ. ನಮ್ಮ ಸಂಘಗಳಲ್ಲಿ ಎಲ್ಲಾ ಧರ್ಮದವರೂ ಇದ್ದೇವೆ. ಯಾವ ಧರ್ಮದವರಾದರೂ ಸರಿ, ಇದರಲ್ಲಿ ಒಂದು ಗಮನಿಸಿ. ಬಿದ್ದವನು ಯಾಕೆ ನೋಡಿಕೊಳ್ಳಲಿಲ್ಲ ಎಂದು ಅಲ್ಲಿ ಕೇಳಿಲ್ಲ. ಕಟ್ಟಿಸಿದವರು ಯಾಕೆ ಗೋಡೆ ಹಾಕಿಸಲಿಲ್ಲ ಎಂದು ಕೇಳಿದೆ.

ಕಾನೂನು ಏನು ಹೇಳುತ್ತದೆ?

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ಕಾಯ್ದೆ ಮಾಡಿತು. ಅದರ ಪ್ರಕಾರ ಕರ್ನಾಟಕದಲ್ಲಿ 2006ರಲ್ಲಿ ನಿಯಮಗಳು ಬಂದವು, ಆಮೇಲೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಶುರುವಾಯಿತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆಯ ಜಾಗ ಹಿಡಿದಿವೆ. ಕಾಯ್ದೆಯ ಹೆಸರು ಬದಲಾದರೂ ಮೂಲ ಮಾತು ಒಂದೇ: ಕೆಲಸದ ಜಾಗ ಸುರಕ್ಷಿತವಾಗಿ ಇಡುವುದು ಕೆಲಸ ಕೊಟ್ಟವರ ಹೊಣೆ. ಕೆಲಸದಲ್ಲಿ ಗಾಯವಾದರೆ ಮಾಲೀಕರು ಪರಿಹಾರ ಕೊಡಬೇಕು ಎನ್ನುವುದು ನಮ್ಮ ದೇಶದಲ್ಲಿ 1923ರಿಂದಲೂ ಇರುವ ಕಾನೂನು.

18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಮೇಸ್ತ್ರಿಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಬಾಂಡ್ಲಿ ಹೊರುವ, ಇಟ್ಟಿಗೆ ಎತ್ತಿಕೊಡುವ ಹೆಂಗಸರೂ ಕಟ್ಟಡ ಕಾರ್ಮಿಕರೇ. ಕಾರ್ಡ್ ಇದ್ದರೆ ಅಪಘಾತ, ಚಿಕಿತ್ಸೆ, ಹೆರಿಗೆ, ಪಿಂಚಣಿ ಮುಂತಾದ ಸೌಲಭ್ಯಕ್ಕೆ ಅರ್ಜಿ ಹಾಕಬಹುದು. ಕಾರ್ಡನ್ನು ಕಾಲಕಾಲಕ್ಕೆ ನವೀಕರಿಸಿ. ಬಿದ್ದ ಮೇಲೆ ಮಾಡಿಸುತ್ತೇವೆ ಎಂದರೆ ಆಗುವುದಿಲ್ಲ. ವಿವರಗಳಿಗೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಅಥವಾ 155214 ಸಹಾಯವಾಣಿಯಲ್ಲಿ ಕೇಳಿ.

ಆದರೆ ಒಂದು ಸತ್ಯ ತಿಳಿದಿರಲಿ. ಸ್ವಂತ ವಾಸಕ್ಕೆ ಕಟ್ಟುವ ಸಣ್ಣ ಮನೆಗಳಿಗೆ ಕಟ್ಟಡ ಕೆಲಸದ ಈ ಕಾನೂನಿನಿಂದ ಬಹುಮಟ್ಟಿಗೆ ವಿನಾಯಿತಿ ಇದೆ. ನಮ್ಮ ಊರಿನ ತಾರಸಿ ಕೆಲಸ ನೋಡಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಅಲ್ಲಿ "ತಡೆ ಕಟ್ಟಿದೀರಾ?" ಎಂದು ಕೇಳುವವರು ಯಾರಾದರೂ ಇದ್ದರೆ ಅದು ನಾವೇ.

ಬಿದ್ದೇ ಬಿಟ್ಟರೆ

ಬಿದ್ದವರನ್ನು ಕೂಡಲೇ ಎತ್ತಿ ಕೂರಿಸಿ ನೀರು ಕುಡಿಸುವುದು ನಮ್ಮ ಅಭ್ಯಾಸ. ದಯವಿಟ್ಟು ಹಾಗೆ ಮಾಡಬೇಡಿ. ಕತ್ತು, ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಆ ಎತ್ತಾಟದಲ್ಲೇ ಕೈಕಾಲು ಸ್ವಾಧೀನ ತಪ್ಪಬಹುದು.

ತಕ್ಷಣ 108ಕ್ಕೆ ಫೋನ್ ಮಾಡಿ, ಊರು ಮತ್ತು ಗುರುತು ಸರಿಯಾಗಿ ಹೇಳಿ. ಅವರನ್ನು ಬಿದ್ದ ಹಾಗೇ ಮಲಗಿರಲು ಹೇಳಿ. ಒಬ್ಬರು ತಲೆಯ ಎರಡೂ ಪಕ್ಕ ಕೈ ಇಟ್ಟು ಅಲ್ಲಾಡದಂತೆ ಹಿಡಿಯಿರಿ. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಬಾಯಿಗೆ ನೀರು, ಕಾಫಿ, ಏನೂ ಹಾಕಬೇಡಿ. ಆಂಬುಲೆನ್ಸ್ ಬರುವುದೇ ಇಲ್ಲ, ಸಾಗಿಸಲೇಬೇಕು ಎಂದಾದರೆ ಐದಾರು ಜನ ಸೇರಿ, ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿ ಇರುವ ಹಾಗೆ, ಬಾಗಿಲ ಹಲಗೆ ಅಥವಾ ಅಗಲ ಹಲಗೆ ಮೇಲೆ ಮಲಗಿಸಿಯೇ ಒಯ್ಯಿರಿ. ಕೈಕಾಲು ಹಿಡಿದು ಆಟೋದೊಳಗೆ ಮಡಚಿ ಕೂರಿಸಬೇಡಿ.

ತಲೆಗೆ ಪೆಟ್ಟು ಬಿದ್ದು, "ಏನೂ ಆಗಿಲ್ಲ" ಎಂದು ಎದ್ದು ಓಡಾಡಿದವರನ್ನೂ ಆ ದಿನ ಒಬ್ಬರನ್ನೇ ಬಿಡಬೇಡಿ. ವಾಂತಿ, ಜಾಸ್ತಿ ನಿದ್ದೆ, ತೊದಲು ಮಾತು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಬಿದ್ದ ಜಾಗ, ಹೊತ್ತು, ನೋಡಿದವರ ಹೆಸರು ಬರೆದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ "ಮನೆ ಮೆಟ್ಟಿಲಲ್ಲಿ ಜಾರಿ ಬಿದ್ದದ್ದು" ಎಂದು ಯಾರೇ ಹೇಳಿಕೊಟ್ಟರೂ ಹಾಗೆ ಬರೆಸಬೇಡಿ. ಕೆಲಸದಲ್ಲಿ ಬಿದ್ದದ್ದು ಎಂದೇ ಬರೆಸಿ. ಮುಂದೆ ಪರಿಹಾರ ಕೇಳಲು ಆ ಒಂದು ಸಾಲೇ ಆಧಾರ.

ಸಂಘ ಏನು ಮಾಡಬಹುದು?

ಒಬ್ಬಳೇ ಕೂಲಿಯಾಕೆ "ಅಂಚಿಗೆ ಬೊಂಬು ಕಟ್ಟಿ, ಆಮೇಲೆ ಹತ್ತುತೀನಿ" ಎಂದರೆ "ನಾಳೆಯಿಂದ ನೀನು ಬರಬೇಡ" ಎನ್ನುವವರಿದ್ದಾರೆ. ಹತ್ತು ಜನ ಒಟ್ಟಿಗೆ ಹೇಳಿದರೆ ಹಾಗನ್ನಲು ಆಗುವುದಿಲ್ಲ. ಬಡ್ಡಿ ವ್ಯಾಪಾರದವರ ಮುಂದೆ ಒಬ್ಬೊಬ್ಬರೇ ನಿಂತಾಗ ಆಗದ್ದು ಸಂಘ ಕಟ್ಟಿದ ಮೇಲೆ ಆಯಿತಲ್ಲ, ಇದೂ ಹಾಗೆಯೇ.

ಮನೆ ಕಟ್ಟಲು ಸಾಲ ಕೇಳಿ ಬಂದ ಸದಸ್ಯೆಗೆ ಸಿಮೆಂಟ್ ಎಷ್ಟು, ಕಂಬಿ ಎಷ್ಟು ಎಂದು ಕೇಳುತ್ತೇವೆ. ಅದರ ಜೊತೆ ಈ ಐದು ಪ್ರಶ್ನೆಗಳನ್ನೂ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ:

1. ಅಂಚಿಗೆ ತಡೆ ಯಾರು ಕಟ್ಟುತ್ತಾರೆ? ಮೇಸ್ತ್ರಿ ಜೊತೆ ಮಾತಾಗಿದೆಯಾ?
2. ಕಂಡಿಗಳಿಗೆ ಹಲಗೆ ಇದೆಯಾ?
3. ಏಣಿ ಗಟ್ಟಿ ಇದೆಯಾ? ಕಟ್ಟಲು ಹಗ್ಗ ಇದೆಯಾ?
4. ಪ್ಯಾರಾಪೆಟ್ ಗೋಡೆಯ ಖರ್ಚು ಲೆಕ್ಕದಲ್ಲಿ ಸೇರಿದೆಯಾ?
5. ಕೆಲಸಕ್ಕೆ ಬರುವವರಿಗೆ ಕಾರ್ಮಿಕ ಕಾರ್ಡ್ ಇದೆಯಾ?

ಇನ್ನೊಂದು ಸಲಹೆ. ಮದುವೆ, ತಿಥಿಗೆ ಕೊಡಲು ಎಷ್ಟೋ ಸಂಘಗಳು ದೊಡ್ಡ ಪಾತ್ರೆ ಇಟ್ಟುಕೊಂಡಿವೆ. ಅದೇ ರೀತಿ ನಾಲ್ಕು ಹೆಲ್ಮೆಟ್, ಪೂರ್ತಿ ಮೈಯ ಎರಡು ಬೆಲ್ಟು, ಗಟ್ಟಿ ಹಗ್ಗ, ಕೆಲವು ಒಳ್ಳೆಯ ಹಲಗೆ ಇಟ್ಟುಕೊಂಡು ಊರಲ್ಲಿ ತಾರಸಿ ಹಾಕುವವರಿಗೆ ಕೊಡಬಹುದು. ಒಂದು ಸಂಘಕ್ಕೆ ಭಾರವಾದರೆ ಒಕ್ಕೂಟದಿಂದ ಮಾಡಬಹುದು. ಬೆಲ್ಟಿನ ಪಟ್ಟಿ, ಹೊಲಿಗೆ ಹರಿದಿದ್ದರೆ ಅಥವಾ ಅದು ಒಂದು ಸಲ ಯಾರನ್ನಾದರೂ ಬೀಳದಂತೆ ಹಿಡಿದಿದ್ದರೆ ಮತ್ತೆ ಬಳಸಬಾರದು ಎನ್ನುವುದು ನೆನಪಿರಲಿ.

ಗಂಡ, ಮಗ ದೂರದ ಊರಲ್ಲಿ ಕಟ್ಟಡ ಕೆಲಸದಲ್ಲಿದ್ದರೆ ಫೋನಿನಲ್ಲಿ "ಊಟ ಆಯ್ತಾ?" ಎಂದು ಕೇಳುವ ಹಾಗೇ "ಬೆಲ್ಟು ಹಾಕ್ಕೊಂಡಿದ್ಯಾ? ಎಲ್ಲಿಗೆ ಕಟ್ಟಿದೀಯ?" ಎಂದೂ ಕೇಳಿ. ಮೊದಲು ನಗುತ್ತಾರೆ. ಕೇಳುವುದು ಬಿಡಬೇಡಿ.

ಕೊನೆಯ ಮಾತು

ಜಟಿಂಗ ರಾಮೇಶ್ವರದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರದ ಶಾಸನಗಳ ಜೊತೆ ಇದನ್ನೂ ಬೆಳಕಿಗೆ ತಂದರು. ತಂದೆತಾಯಿಗೆ ವಿಧೇಯರಾಗಿರಿ, ಸತ್ಯ ಹೇಳಿ ಎನ್ನುವುದರ ಜೊತೆ ಜೀವಿಗಳ ಮೇಲೆ ದಯೆ ಇರಲಿ ಎನ್ನುವ ಉಪದೇಶ ಈ ಶಾಸನಗಳಲ್ಲಿದೆ. ಎರಡು ಸಾವಿರ ವರ್ಷಕ್ಕಿಂತ ಹಿಂದೆಯೇ ನಮ್ಮ ನೆಲದ ಕಲ್ಲಿನಲ್ಲಿ ಕೊರೆದಿಟ್ಟ ಮಾತು. ದಯೆ ಅಂದರೆ ಬಿದ್ದವರನ್ನು ಕಂಡು ಅಯ್ಯೋ ಎನ್ನುವುದಷ್ಟೇ ಅಲ್ಲ, ಬೀಳುವ ಮೊದಲು ಒಂದು ಬೊಂಬು ಅಡ್ಡ ಕಟ್ಟುವುದೂ ದಯೆಯೇ.

ಬೆಟ್ಟದ ಅಂಚಿಗೆ ಹೋದ ಮಗುವನ್ನು "ಹಿಂದಕ್ಕೆ ಬಾ" ಎಂದು ಕೂಗಿ ಕರೆಯುವ ನಮಗೆ, ತಾರಸಿಯ ಅಂಚಿನಲ್ಲಿರುವ ಅಕ್ಕನನ್ನು, ತಮ್ಮನನ್ನು ಕರೆಯುವ ಧೈರ್ಯವೂ ಬರಲಿ. ಮುಂದಿನ ವಾರದ ಸಭೆಯಲ್ಲಿ ಇದನ್ನು ಓದಿ ಹೇಳಿ. ನಿಮ್ಮ ಊರಲ್ಲಿ ಈಗ ಯಾರ ಮನೆ ಕೆಲಸ ನಡೆಯುತ್ತಿದೆ ಎಂದು ವಿಚಾರಿಸಿ. ಸಭೆ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಅಲ್ಲಿಗೆ ಹೋಗಿ, ಕೆಳಗೇ ನಿಂತು, ಅಂಚು ಒಂದು ಸಲ ನೋಡಿ ಬನ್ನಿ.